ಜೋಮು ಡಾಕ್ಟರಮ್ಮ

ನಮ್ಮ ಆಸ್ಪತ್ರೆಯ ಬೋರ್ಡಿನಲ್ಲಿ ಅವರ ಹೆಸರು ಎಲ್ಲರಿಗಿಂತ ಕೆಳಗಿತ್ತು. ಪಕ್ಕದಲ್ಲಿ ‘ಅರಿವಳಿಕೆ ತಜ್ಞರು’ ಎಂದು ಬರೆದಿತ್ತು. ಆ ಪದವನ್ನು ಓದಿ ಅರ್ಥ ಮಾಡಿಕೊಂಡ ರೋಗಿಯನ್ನು ನಾನಂತೂ ಕಂಡಿಲ್ಲ. ಮರೆವಿನ ಕಾಯಿಲೆಗೆ ಔಷಧಿ ಕೊಡುವವರಿರಬೇಕು ಎಂದುಕೊಂಡು ಮನೆಯ ಮುದುಕರನ್ನು ಕರೆತಂದವರೂ ಇದ್ದಾರೆ. ಆಪರೇಷನ್ ಮುಗಿಸಿಕೊಂಡು ಮನೆಗೆ ಹೊರಟವರು ಕೈಮುಗಿಯುವುದು ಕತ್ತರಿ ಹಿಡಿದವರಿಗೆ. ಸೂಜಿ ಹಾಕಿ ಮತ್ತು ಬರಿಸಿ, ಉಸಿರು ಕಾದು, ಮತ್ತೆ ಎಬ್ಬಿಸಿ ಕಳಿಸಿದವರ ಮುಖ ಯಾರಿಗೂ ನೆನಪಿರುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದ ಹೊತ್ತಿನಲ್ಲಿ ಅವರೆಲ್ಲ ಗೊರಕೆ ಹೊಡೆಯುತ್ತಿರುತ್ತಾರೆ. ಏನಾದರೂ ಎಡವಟ್ಟಾದರೆ ಮಾತ್ರ ಊರಿಗೆಲ್ಲ ಅವರ ನೆನಪಾಗುತ್ತದೆ. “ಮತ್ತು ಜಾಸ್ತಿ ಆಯ್ತಂತೆ” ಎಂಬ ಒಂದು ಮಾತು ಸಾಕು, ಮಿಕ್ಕವರೆಲ್ಲ ಬಚಾವ್.

ನಾನು ಅದೇ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸು. ನನಗೆ ಬಾಯಿ ಸ್ವಲ್ಪ ಜಾಸ್ತಿ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ಅವರ ಬಗ್ಗೆ ಯಾರಾದರೂ ಹೇಳಬೇಕಾದರೆ ನಾನೇ ಹೇಳಬೇಕು.

‘ಜೋಮು ಡಾಕ್ಟರಮ್ಮ’ ಎಂಬ ಹೆಸರು ಅವರಿಗೆ ಬಂದದ್ದು ಪ್ರಿಂಟಿಂಗ್ ಪ್ರೆಸ್ಸಿನ ಕೆಲಸಗಾರನೊಬ್ಬನಿಂದ. ಅವನ ಮುಂಗೈ ಮೆಷಿನ್ನಿಗೆ ಸಿಕ್ಕಿ ಮುರಿದಿತ್ತು. ಡಾಕ್ಟರಮ್ಮ ಅವನ ಕತ್ತಿನ ಬುಡದಲ್ಲಿ, ಕೈಗೆ ಹೋಗುವ ನರಗಳೆಲ್ಲ ಒಟ್ಟಾಗಿ ಹಾಯುವ ಜಾಗದಲ್ಲಿ, ಒಂದು ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಕೈಗೆ ಜೋಮು ಹಿಡಿಯಿತು. ಪುಣ್ಯಾತ್ಮನಿಗೆ ಮೂಗು ತುರಿಸಬೇಕೆನ್ನಿಸಿ, ಪಟ್ಟಿ ಕಟ್ಟಿ ಎದೆಯ ಮೇಲಿಟ್ಟಿದ್ದ ಆ ಕೈ ಅಡ್ಡ ಬಂತೆಂದು ಇನ್ನೊಂದು ಕೈಯಲ್ಲಿ ಎತ್ತಿ ಪಕ್ಕಕ್ಕೆ ಸರಿಸಲು ಹೋದ. ಅದು ಜಾರಿ ಧೊಪ್ಪನೆ ಅವನ ಮುಖದ ಮೇಲೇ ಬಿತ್ತು. “ಯಾರ್ರೀ ಅದು ಹೊಡ್ದಿದ್ದು” ಎಂದು ಸುತ್ತಮುತ್ತ ನೋಡಿದ. ನನ್ನ ಜೀವ ಬಾಯಿಗೆ ಬಂದಿತ್ತು, ಅವನು ಮಾತ್ರ ನಗುತ್ತಿದ್ದ. ಮನೆಗೆ ಹೋದ ಮೇಲೆ ಕಂಡಕಂಡವರಿಗೆಲ್ಲ ಇದನ್ನು ಹೇಳಿದ. ಅಂದಿನಿಂದ ಕೈಕಾಲು ಮುರಿದುಕೊಂಡು ಬಂದವರು ಟ್ರಾಲಿಯ ಮೇಲಿಂದಲೇ “ಆ ಜೋಮು ಡಾಕ್ಟರಮ್ಮ ಇದ್ದಾರಾ?” ಎಂದು ಕೇಳತೊಡಗಿದರು.

ಡಾಕ್ಟರಮ್ಮ ಕುಳ್ಳಗೆ, ಆಪರೇಷನ್ ಟೇಬಲ್ಲಿನ ಪಕ್ಕ ಸ್ಟೂಲ್ ಹಾಕಿಕೊಂಡು ನಿಲ್ಲುವಷ್ಟು ಕುಳ್ಳಗೆ ಇದ್ದರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಕನ್ನಡಕ ಮಾತ್ರ ಅಲ್ಲಿ ಇರುತ್ತಿರಲಿಲ್ಲ. ತಲೆಯ ಮೇಲೆ ಸಿಕ್ಕಿಸಿಕೊಂಡು ಇಡೀ ವಾರ್ಡು ಹುಡುಕುವರು. ಅವರ ಯಜಮಾನರದು ಕನ್ನಡಕದ ಅಂಗಡಿ. ಮನೆಯಲ್ಲಿ ಅತ್ತೆ ಇದ್ದರು, ಮಂಡಿನೋವಿನವರು. “ನಮ್ಮ ಸೊಸೆ ಊರೋರ ನೋವೆಲ್ಲ ತೆಗೀತಾಳೆ, ನನ್ನ ಮಂಡಿಗೆ ಮಾತ್ರ ಅವಳಿಗೆ ಪುರುಸೊತ್ತಿಲ್ಲ” ಎಂದು ಒಮ್ಮೆ ನನ್ನೆದುರೇ ಅಂದರು. ಡಾಕ್ಟರಮ್ಮ ಟೀ ಸೋಸುತ್ತಾ, “ಅತ್ತೆ, ಅದು ಸೂಜಿಗೆ ಬಗ್ಗೋ ನೋವಲ್ಲ. ನಾನು ನಾಲ್ಕು ದಿನ ರಜಾ ಹಾಕಿ ಮನೇಲಿ ಕೂತ್ರೆ ತಾನಾಗೇ ಹೋಗುತ್ತೆ” ಅಂದರು. ಅತ್ತೆ ಮುಖ ಗಂಟು ಹಾಕಿಕೊಂಡರು. ಆದರೆ ಅಲ್ಲಗಳೆಯಲಿಲ್ಲ.

ಅವರು ಬರುವ ಮೊದಲು ನಮ್ಮಲ್ಲಿ ಮೂಳೆ ಮುರಿದವರ ಪಾಡು ಹೇಗಿತ್ತೆಂದು ಹೇಳಬೇಕು. ಎಮರ್ಜೆನ್ಸಿಯಿಂದ ಎಕ್ಸ್‌ರೇ ಕೋಣೆಗೆ ಹೋಗುವ ದಾರಿಯಲ್ಲಿ ಹಳೆಯ ಕಟ್ಟಡಕ್ಕೂ ಹೊಸದಕ್ಕೂ ಕೂಡು ಇರುವಲ್ಲಿ ನೆಲ ಒಂದು ಬೆರಳಿನಷ್ಟು ಏರುಪೇರು. ಟ್ರಾಲಿಯ ಗಾಲಿ ಅಲ್ಲಿ ಧಡಕ್ಕೆನ್ನುತ್ತದೆ. ಆ ಜಾಗದಲ್ಲಿ ಕಿರುಚದೆ ದಾಟಿದವರಿಲ್ಲ. ಒಳಗೆ ಕೂತು ಸಿರಿಂಜು ಜೋಡಿಸುತ್ತಿದ್ದ ನನಗೆ ಕೂಗು ಕೇಳಿದೊಡನೆ ‘ಓ, ಕೂಡು ದಾಟಿದರು’ ಎಂದು ಗೊತ್ತಾಗುತ್ತಿತ್ತು. ಅಷ್ಟು ರೂಢಿಯಾಗಿಹೋಗಿತ್ತು, ನಾಚಿಕೆಗೇಡು. ಡಾಕ್ಟರಮ್ಮ ಬಂದ ಹೊಸದರಲ್ಲಿ ಅದನ್ನು ಸರಿಮಾಡಿಸಿ ಎಂದು ಮೇಲಿನವರ ಬೆನ್ನು ಹತ್ತಿದರು. ಅವರು ಒಂದು ರಬ್ಬರ್ ಮ್ಯಾಟ್ ಹಾಕಿಸಿದರು. ಈಗ ಹತ್ತುವಾಗ ಒಂದು ಧಡಕ್, ಇಳಿಯುವಾಗ ಇನ್ನೊಂದು. ಆಮೇಲೆ ಡಾಕ್ಟರಮ್ಮ ನೆಲವನ್ನು ಕೈಬಿಟ್ಟು ನರಕ್ಕೆ ಕೈಹಾಕಿದರು. ಮೂಳೆ ಮುರಿದವರು ಬಂದರೆ ಎಕ್ಸ್‌ರೇಗೂ ಮೊದಲು ನನ್ನನ್ನು ಕರೆಯಿರಿ ಎಂದು ನಮಗೆಲ್ಲ ಕಟ್ಟಪ್ಪಣೆಯಾಯಿತು.

“ನಿಮ್ಮದು ದೊಡ್ಡ ಕರುಣೆ ಮೇಡಂ” ಎಂದು ನಾನೊಮ್ಮೆ ಅಂದದ್ದಕ್ಕೆ ಸಿಡುಕಿದರು. “ಕರುಣೆ ಗಿರುಣೆ ಏನಿಲ್ಲ ಸಿಸ್ಟರ್. ನಂಗೆ ಗಲಾಟೆ ಆಗಲ್ಲ, ಅಷ್ಟೆ.”

ಈ ಮಾತನ್ನು ನಂಬಬೇಕಾದರೆ ಅವರ ಕೆಲಸ ನೋಡಿರಬಾರದು. ಚಿಕ್ಕ ಸ್ಕ್ಯಾನಿಂಗ್ ಮೆಷಿನ್ನನ್ನು ತಾವೇ ತಳ್ಳಿಕೊಂಡು ಬರುವರು. ಚರ್ಮದ ಮೇಲೆ ಜೆಲ್ ಹಚ್ಚಿ ಮೆಷಿನ್ನಿನ ಹಿಡಿ ಒತ್ತಿದರೆ ಪರದೆಯ ಮೇಲೆ ಬೂದುಬಣ್ಣದ ಮಸುಕು. ನನಗೆ ಅದರಲ್ಲಿ ಏನೇನೂ ಕಾಣಿಸುತ್ತಿರಲಿಲ್ಲ. ಅವರಿಗೆ ರಕ್ತನಾಳ, ಪದರ, ನರ ಎಲ್ಲ ಕಾಣುತ್ತಿದ್ದವು. “ಹಾ, ಸಿಕ್ಕಿಬಿದ್ದ” ಎನ್ನುವರು, ಕಳ್ಳನನ್ನು ಹಿಡಿದವರಂತೆ. ಸೂಜಿಯ ತುದಿ ಪರದೆಯಲ್ಲಿ ಕಾಣುತ್ತಲೇ ಇರಬೇಕು. ಕಾಣದಿದ್ದರೆ ಮುಂದಕ್ಕೆ ಒಂದು ಎಳ್ಳಿನಷ್ಟೂ ತಳ್ಳುತ್ತಿರಲಿಲ್ಲ. ಮದ್ದು ನಿಧಾನವಾಗಿ ನರದ ಸುತ್ತ ಹರಡಿಕೊಂಡ ಮೇಲೆ ಸ್ಪಿರಿಟ್ ಹತ್ತಿಯನ್ನು ಚರ್ಮಕ್ಕೆ ತಾಗಿಸಿ “ತಣ್ಣಗಿದೆಯಾ?” ಎಂದು ಕೇಳುವರು. ರೋಗಿ “ಏನು ತಣ್ಣಗೆ?” ಎಂದು ಮರುಪ್ರಶ್ನೆ ಹಾಕಿದನೆಂದರೆ ಕೆಲಸ ಆಯಿತೆಂದು ಅರ್ಥ. ಪಕ್ಕೆಲುಬು ಮುರಿದು, ಉಸಿರೆಳೆದರೆ ಜೀವ ಹೋಗುತ್ತದೆಂದು ಮೇಲುಮೇಲೆ ಉಸಿರಾಡುತ್ತಿದ್ದ ಒಬ್ಬ ಗಾರೆ ಕೆಲಸದವನು ಅವರ ಸೂಜಿಯಾದ ಮೇಲೆ ಮೊದಲು ಮಾಡಿದ್ದು ಏನು ಗೊತ್ತೇ? ಹೊಟ್ಟೆ ತುಂಬ ಕೆಮ್ಮಿದ. ಕೆಮ್ಮಿ ಅಷ್ಟು ಸುಖಪಟ್ಟ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಎಲ್ಲರಿಗೂ ಅವರು ಸೂಜಿ ಹಾಕುತ್ತಿದ್ದರು ಎಂದಲ್ಲ. ಮಂಡಿಯಿಂದ ಕೆಳಗೆ ಜಜ್ಜಿಹೋದ ಕಾಲಿಗೆ ಹಿಂದೆಮುಂದೆ ನೋಡುತ್ತಿದ್ದರು. ಅಂಥ ಕಾಲು ಒಳಗೊಳಗೇ ಬಾತು ರಕ್ತ ಓಡದಂತಾಗುವುದುಂಟು, ಅದನ್ನು ಮೊದಲು ಕೂಗಿ ಹೇಳುವುದು ನೋವು. “ನೋವು ಕಾವಲುಗಾರ ಇದ್ದ ಹಾಗೆ ಸಿಸ್ಟರ್. ಎಲ್ಲ ಕಡೆ ಅವನನ್ನ ಮಲಗಿಸ್ಬಾರ್ದು” ಎನ್ನುವರು. ಈ ವಿಷಯದಲ್ಲಿ ಅವರಿಗೂ ನಮ್ಮ ಮೂಳೆ ಡಾಕ್ಟರಿಗೂ ವಾರಕ್ಕೊಂದು ಜಗಳ. ಮೂಳೆ ಡಾಕ್ಟರು ಆಜಾನುಬಾಹು, ಒಳ್ಳೆಯ ಕೈ, ತಾಳ್ಮೆ ಮಾತ್ರ ಹುಟ್ಟುವಾಗಲೇ ಮರೆತು ಬಂದವರು. ಇವರು ಸ್ಟೂಲಿನ ಮೇಲೆ ನಿಂತು ಅವರ ಕಣ್ಣಿಗೆ ಕಣ್ಣು ಕೊಟ್ಟು ಜಗಳವಾಡುವುದನ್ನು ನೋಡಲು ನಾವು ಕೆಲಸವಿಲ್ಲದಿದ್ದರೂ ಆಪರೇಷನ್ ಥಿಯೇಟರಿನ ಕಡೆ ಹೋಗುತ್ತಿದ್ದೆವು.

ಆಗ ಡಾಕ್ಟರಮ್ಮನಿಗೆ ಒಂದು ಖಯಾಲಿ ಇತ್ತು. ಜೋಮು ಹತ್ತಿದ ಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು ರೋಗಿಗೆ ಹೇಳುವರು: “ಈಗ ನಿಮ್ಮ ನೋವು ಎಲ್ಲಿದೆ, ಹುಡುಕಿ ಕೊಡಿ ನೋಡೋಣ.” ರೋಗಿ ಹುಡುಕುವನು, ಸಿಗುವುದಿಲ್ಲ. ಇಬ್ಬರೂ ನಗುವರು. ಇದು ತಾತ್ಕಾಲಿಕ, ಕೆಲವು ಗಂಟೆಯಲ್ಲಿ ಇಳಿಯುತ್ತದೆ, ಮುರಿದದ್ದು ಮುರಿದೇ ಇದೆ ಎಂಬುದನ್ನೆಲ್ಲ ಆಮೇಲೆ ಯಾವಾಗಲೋ ಹೇಳಿದರಾಯಿತು ಎಂದು ಬಿಟ್ಟುಬಿಡುವರು. ಪಾಪ, ಈಗ ತಾನೇ ನಕ್ಕಿದ್ದಾರೆ, ಸ್ವಲ್ಪ ಹೊತ್ತು ಸುಖವಾಗಿರಲಿ ಎಂಬುದು ಅವರ ಲೆಕ್ಕ. ಈಗ ಅವರು ಆ ಮಾತನ್ನು ಆಡುವುದಿಲ್ಲ. ಯಾಕೆ ಬಿಟ್ಟರು ಎನ್ನುವುದನ್ನೇ ನಾನು ಹೇಳಹೊರಟಿದ್ದೇನೆ.

ಒಂದು ಬೆಳಿಗ್ಗೆ ಟೈಲರ್ ಅಜ್ಜಿಯೊಬ್ಬರನ್ನು ಮಗ ಮತ್ತು ಸೊಸೆ ಕರೆತಂದರು. ಮೆಷಿನ್ ಬಿಟ್ಟು ಏಳುವಾಗ ಕೆಳಗೆ ರಾಶಿ ಬಿದ್ದಿದ್ದ ಬಟ್ಟೆ ಕಾಲಿಗೆ ಸುತ್ತಿಕೊಂಡು ಬಿದ್ದಿದ್ದರು. ಮಗ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವವನು, ಅಂಗಿಯಲ್ಲಿ ಗ್ರೀಸಿನ ಕಲೆ ಹಾಗೇ ಇತ್ತು. ಅಜ್ಜಿ ಕೂಗುತ್ತಿರಲಿಲ್ಲ. ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು, ರಕ್ತ ಬಂದಿತ್ತು. ಹೊದಿಕೆ ಸರಿಸಲು ಕೈ ಚಾಚಿದರೆ ಸಾಕು, “ಬೇಡ ಕಣಮ್ಮ, ಮುಟ್ಬೇಡ, ನಿಂಗೆ ಪುಣ್ಯ ಬರುತ್ತೆ” ಎಂದು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಸೊಂಟದ ಕೀಲಿನ ಹತ್ತಿರ ಮುರಿದಿದೆಯೆಂದು ನೋಡಿದೊಡನೆ ನನಗೇ ಗೊತ್ತಾಯಿತು.

ಡಾಕ್ಟರಮ್ಮ ಬಂದರು. ತೊಡೆಸಂದಿನ ಪಕ್ಕದಲ್ಲಿ ಸೂಜಿ ಹಾಕಿದರು. ಅಜ್ಜಿ ಗೋಡೆ ನೋಡುತ್ತಾ ಮಲಗಿದ್ದರು. ಸ್ವಲ್ಪ ಹೊತ್ತಿಗೆ ಕಚ್ಚಿದ್ದ ತುಟಿ ಬಿಟ್ಟರು. ಇನ್ನೂ ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿ ಮೇಲಿಂದ ಕೆಳಗೆ ನೋಡಿದರು.

“ನಿನ್ನ ಈ ಕಾಲರ್ ಹೊಲಿದೋರು ಯಾರು?”

“ಯಾರೋ ಅಜ್ಜಿ, ಆಸ್ಪತ್ರೆಯಿಂದ ಕೊಟ್ಟಿದ್ದು. ಯಾಕೆ?”

“ಎಡಗಡೆ ಎಳೀತಾ ಇದೆ. ಇಷ್ಟು ದಿನ ಹೆಂಗೆ ಹಾಕ್ಕೊಂಡಿದೀಯ ಅದನ್ನ?”

ನನ್ನ ಕಣ್ಣು ತುಂಬಿಬಂತು. ನೋವು ಹೋದರೆ ಮನುಷ್ಯ ವಾಪಸು ಬರುತ್ತಾನೆ, ತನ್ನ ಕಸುಬಿನ ಸಮೇತ ಬರುತ್ತಾನೆ. ಡಾಕ್ಟರಮ್ಮ ಸೊಂಟಕ್ಕೆ ಕೈಯಿಟ್ಟು ತಮ್ಮ ಮಾತು ಆಡಿದರು. ಅಜ್ಜಿ ಹುಡುಕಿದರು, ಸಿಗಲಿಲ್ಲ. ಮಗ ಎರಡೂ ಕೈ ಜೋಡಿಸಿ ನಿಂತುಬಿಟ್ಟ. ಟ್ರಾಲಿ ಆ ಕೂಡಿನ ಮೇಲೆ ಧಡಕ್ಕೆಂದಾಗ ಅಜ್ಜಿ ಸೊಸೆಗೆ ಮನೆಯ ಬೀಗದ ಕೈ ಎಲ್ಲಿಟ್ಟಿದ್ದೇನೆಂದು ವಿವರಿಸುತ್ತಿದ್ದರು.

ಎಕ್ಸ್‌ರೇ ನೋಡಿ ಮೂಳೆ ಡಾಕ್ಟರು ಮಗನಿಗೆ ಹೇಳಿದರು. ಮುರಿದಿದೆ, ಇವತ್ತು ಮಧ್ಯಾಹ್ನವೇ ಆಪರೇಷನ್ ಮಾಡಿ ರಾಡು ಹಾಕುತ್ತೇವೆ, ನಾಳೆಯಿಂದಲೇ ಎಬ್ಬಿಸಿ ನಿಲ್ಲಿಸುತ್ತೇವೆ, ಮಾಡದಿದ್ದರೆ ಹಾಸಿಗೆ ಹಿಡಿಯುತ್ತಾರೆ. ಮಗ “ಮತ್ತು ಕೊಡ್ತೀರಾ?” ಎಂದೊಂದೇ ಕೇಳಿದ. “ಮತ್ತೆ? ಹಾಗೇ ಕೊಯ್ಯೋಕಾಗುತ್ತಾ?” ಎಂದು ಡಾಕ್ಟರು ಮುಂದಿನ ರೋಗಿಯ ಕಡೆ ಹೋದರು.

ಮಧ್ಯಾಹ್ನ ನಾನು ಊಟ ಮುಗಿಸಿ ಬಂದು ನೋಡಿದರೆ ಅಜ್ಜಿಯ ಹಾಸಿಗೆ ಖಾಲಿ. ಆಪರೇಷನ್ ಬೇಡವೆಂದು ಬರೆದುಕೊಟ್ಟು, ವ್ಯಾನು ಗೊತ್ತುಮಾಡಿ ಹೊರಟಿದ್ದಾರೆಂದು ಪಕ್ಕದ ಹಾಸಿಗೆಯವರು ಹೇಳಿದರು. “ನೋವೇ ಇಲ್ವಂತೆ, ಇನ್ಯಾಕೆ ಕೊಯ್ಸೋದು ಅಂತ ಹೋದ್ರು.” ನಾನು ಥಿಯೇಟರಿನ ಬಾಗಿಲಿಗೆ ಓಡಿದೆ. ಡಾಕ್ಟರಮ್ಮ ಆಗ ತಾನೇ ಒಂದು ಆಪರೇಷನ್ ಮುಗಿಸಿ, ರೋಗಿ ಕಣ್ಣುಬಿಟ್ಟದ್ದು ನೋಡಿ ಹೊರಗೆ ಬರುತ್ತಿದ್ದರು. ಹಿಂದೆಯೇ ಮೂಳೆ ಡಾಕ್ಟರು. ವಿಷಯ ಕೇಳಿ ಅವರು ಕೈ ಒರೆಸಿಕೊಳ್ಳುತ್ತಾ ಅಂದರು:

“ಗೊತ್ತು, ಹೇಳಿ ಕಳ್ಸಿದ್ರು. ಹೋಗ್ಲಿ ಬಿಡಿ. ಸಂಜೆ ನಿಮ್ಮ ಜೋಮು ಇಳೀಲಿ, ತಾವಾಗೇ ಓಡಿ ಬರ್ತಾರೆ.”

“ಓಡಿ ಬರೋಕೆ ಕಾಲೆಲ್ಲಿದೆ ಸಾರ್?” ಎಂದರು ಡಾಕ್ಟರಮ್ಮ.

“ಮಾತು ಹಿಡೀಬೇಡಿ. ನೋವು ಬಂದ್ರೆ ಬುದ್ಧಿ ಬರುತ್ತೆ, ಸಹಿ ಹಾಕ್ತಾರೆ ಅಂದೆ. ನಾನೇನು ಅವ್ರಿಗೆ ಶತ್ರುನಾ? ಅವ್ರ ಒಳ್ಳೇದಕ್ಕೇ ಹೇಳ್ತಿರೋದು.”

ಇದರಲ್ಲಿ ಸುಳ್ಳಿರಲಿಲ್ಲ. ಎಷ್ಟೋ ಸಲ ಹಾಗೇ ಆಗಿದೆ. ನೋವು ಎಂಥವರನ್ನೂ ದಾರಿಗೆ ತರುತ್ತದೆ. ಸುಮ್ಮನೆ ಕೈಕಟ್ಟಿ ಕೂತರೂ ಕೆಲಸ ಆಗುತ್ತಿತ್ತು.

“ನೋವು ತೋರ್ಸಿ ಸಹಿ ಹಾಕ್ಸೋದಾದ್ರೆ ಬೆಳಿಗ್ಗೆ ನಾನು ಸೂಜಿ ಹಾಕಿದ್ದಾದ್ರೂ ಯಾಕೆ ಸಾರ್?” ಎಂದರು ಡಾಕ್ಟರಮ್ಮ. ದನಿ ಏರಿಸಲಿಲ್ಲ. ಥಿಯೇಟರಿನ ಚಪ್ಪಲಿಯಲ್ಲೇ, ತಲೆಯ ಟೋಪಿಯನ್ನೂ ತೆಗೆಯದೆ ಮೆಟ್ಟಿಲಿಳಿದರು. ನಾನು ಹಿಂದೆ ಹಿಂದೆ. ಇಳಿಯುತ್ತಾ ಅಂದರು, “ತಪ್ಪು ನಂದು ಸಿಸ್ಟರ್. ಹುಡುಕಿ ಕೊಡಿ ಅಂದೆ. ಹುಡುಕಿದ್ರು, ಸಿಗ್ಲಿಲ್ಲ, ಮನೆಗೆ ಹೊರಟ್ರು. ಅವ್ರ ಲೆಕ್ಕ ಸರಿಯಾಗೇ ಇದೆ.”

ಗೇಟಿನ ಹತ್ತಿರ ಮರದ ನೆರಳಿನಲ್ಲಿ ವ್ಯಾನು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಅಜ್ಜಿ ಟ್ರಾಲಿಯ ಮೇಲೆ ಮಲಗಿ ಆಕಾಶ ನೋಡುತ್ತಿದ್ದರು. ಸೊಸೆ ಗಂಟುಮೂಟೆ ಒಳಗಿಡುತ್ತಿದ್ದಳು. ಮಗ ನಮ್ಮನ್ನು ಕಂಡು ಹತ್ತಿರ ಬಂದು ಮತ್ತೆ ಕೈಮುಗಿದ.

“ನಿಮ್ಮ ಉಪಕಾರ ಮರೆಯಲ್ಲ ಡಾಕ್ಟರಮ್ಮ. ಒಂದೇ ಸೂಜೀಲಿ ನಮ್ಮಮ್ಮನ್ನ ಸರಿ ಮಾಡಿದ್ರಿ.”

“ಸರಿ ಮಾಡಿಲ್ಲಪ್ಪ. ನೋವು ಗೊತ್ತಾಗ್ದಿರೋ ಹಾಗೆ ಮಾಡಿದೀನಿ, ಅಷ್ಟೆ. ಅದೂ ಸಂಜೆವರೆಗೆ. ಮೂಳೆ ಬೆಳಿಗ್ಗೆ ಹೆಂಗೆ ಮುರಿದಿತ್ತೋ ಹಂಗೇ ಇದೆ. ಇದನ್ನ ನಾನು ಆಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ.”

ಅವನು ನೆಲ ನೋಡಿದ. “ಇರ್ಬೋದು. ಆದ್ರೂ ಆಪರೇಷನ್ ಬೇಡ. ನಮ್ಮಪ್ಪನ್ನ ಹಿಂಗೇ ಒಳಗೆ ಕರ್ಕೊಂಡು ಹೋದ್ರು. ನಾನು ಚಿಕ್ಕೋನು, ಬಾಗಿಲ ಹತ್ರ ನಿಂತಿದ್ದೆ. ಆ ಮತ್ತಿನ ಡಾಕ್ಟ್ರು ಎಷ್ಟು ಕೊಟ್ನೋ ಏನೋ, ಅಪ್ಪ ಏಳಲೇ ಇಲ್ಲ. ನಿಮ್ಮಂಥೋರು ಸೂಜಿ ಹಾಕಿದ್ರೆ ಬೇಡ ಅನ್ನಲ್ಲ. ಆ ಮತ್ತಿನವರ ಕೈಗೆ ಮಾತ್ರ ಅಮ್ಮನ್ನ ಕೊಡಲ್ಲ.”

ಡಾಕ್ಟರಮ್ಮ ಸುಮ್ಮನಿರಬಹುದಿತ್ತು. ಅವನು ನಂಬಿದ್ದ, ಆ ನಂಬಿಕೆಯ ಮೇಲೇ ಒಳ್ಳೆಯ ಮಾತಾಡಿ ಒಪ್ಪಿಸಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ, ದೇವರಾಣೆ.

“ಆ ಮತ್ತಿನ ಡಾಕ್ಟ್ರ ಕೆಲಸ ಇಲ್ಲಿ ಮಾಡೋಳು ನಾನೇ” ಎಂದರು.

ಮುಗಿದಿದ್ದ ಕೈ ಬಿಟ್ಟುಹೋಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ತಾಯಿಯ ಟ್ರಾಲಿಯ ಕಂಬಿ ಹಿಡಿದುಕೊಂಡ. ವ್ಯಾನಿನವನು ಹಾರ್ನ್ ಒತ್ತಿದ. ನಾನು ಅವನನ್ನು ಒಂದು ನೋಟ ನೋಡಿದೆ, ಆಮೇಲೆ ಒತ್ತಲಿಲ್ಲ.

“ಅಮ್ಮನ್ನ ಪೂರ್ತಿ ಮಲಗಿಸಲ್ಲ” ಎಂದರು ಡಾಕ್ಟರಮ್ಮ. “ಬೆನ್ನಿಗೆ ಒಂದು ಸೂಜಿ, ಸೊಂಟದಿಂದ ಕೆಳಗೆ ಮಾತ್ರ ಜೋಮು. ಎಚ್ಚರವಾಗೇ ಇರ್ತಾರೆ, ನನ್ನ ಹತ್ರ ಮಾತಾಡ್ತಾ ಇರ್ತಾರೆ. ಅಪಾಯ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ. ವಯಸ್ಸಾಗಿದೆ, ಇದ್ದೇ ಇದೆ. ಮನೇಲಿ ಮಲಗಿಸಿದ್ರೆ ಅದಕ್ಕಿಂತ ಜಾಸ್ತಿ ಇದೆ.”

“ಬೇಡ” ಎಂದ ಮಗ.

ಅಲ್ಲಿಯವರೆಗೆ ಅಜ್ಜಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅದು ಡಾಕ್ಟರಮ್ಮನಿಗೂ ಅದೇ ಗಳಿಗೆಯಲ್ಲಿ ಹೊಳೆದಿರಬೇಕು. ಮಗನನ್ನು ಬಿಟ್ಟು ಟ್ರಾಲಿಯ ತಲೆಯ ಕಡೆಗೆ ಹೋದರು. “ಅಜ್ಜಿ, ನಿಮ್ಮ ಕಾಲು ನೀವೇ ಒಂದ್ಸಲ ನೋಡ್ತೀರಾ?” ನಾನು ಅಜ್ಜಿಯ ತಲೆಯ ಕೆಳಗೆ ತೋಳಿಟ್ಟು ಎತ್ತಿ ಹಿಡಿದೆ. ಡಾಕ್ಟರಮ್ಮ ಹೊದಿಕೆ ಮಡಿಚಿದರು. ಎರಡು ಪಾದಗಳು ಕಂಡವು. ಒಂದು ನೆಟ್ಟಗೆ ಆಕಾಶ ನೋಡುತ್ತಿತ್ತು. ಇನ್ನೊಂದು ಹೊರಕ್ಕೆ ಹೊರಳಿ ಬಿದ್ದಿತ್ತು, ಹಿಮ್ಮಡಿ ಮೇಲಕ್ಕೆ ಸರಿದಿತ್ತು.

ಅಜ್ಜಿ ಕಣ್ಣು ಕಿರಿದುಮಾಡಿ ನೋಡಿದರು. ಜೀವಮಾನವಿಡೀ ಊರಿನವರ ಪ್ಯಾಂಟುಗಳಿಗೆ ಅಳತೆ ತೆಗೆದ ಕಣ್ಣು ಅದು.

“ಒಂದು ಗಿಡ್ಡ ಆಗಿದೆ” ಎಂದರು. “ಮುಕ್ಕಾಲು ಇಂಚು. ಒಂದೂ ಇರ್ಬೋದು.”

“ಹೌದು ಅಜ್ಜಿ.”

“ನೋವೇ ಇಲ್ವಲ್ಲ.”

“ಇಲ್ಲ. ಆದ್ರೂ ಮುರಿದಿದೆ.”

ಅಜ್ಜಿಯ ತಲೆ ನನ್ನ ತೋಳಿನ ಮೇಲೆ ಭಾರವಾಯಿತು. ಮಲಗಿಸಿದೆ. ಆಮೇಲೆ ಮಗನ ಕಡೆ ನೋಡದೆ, ಮರದ ಎಲೆಗಳನ್ನು ನೋಡುತ್ತಾ ಹೇಳಿದರು.

“ನಿಮ್ಮಪ್ಪಂಗೂ ಹಿಂಗೇ ಆಯ್ತು ಕಣೋ. ಹೊಟ್ಟೆ ಹಿಡ್ಕೊಂಡು ಹೊರಳಾಡ್ತಿದ್ರು. ಕ್ಲಿನಿಕ್ ಡಾಕ್ಟ್ರು ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗಿ ಅಂತ ಹೇಳಿದ್ರು. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ನೋವು ನಿಂತುಹೋಯ್ತು. ಎದ್ದು ಕೂತು ಟೀ ಕೇಳಿ ಕುಡಿದ್ರು. ನಂಗೆ ಎಷ್ಟು ನೆಮ್ಮದಿ ಆಯ್ತು ಅಂತೀಯ. ಸ್ಕೂಲ್ ಶುರುವಾಗೋ ಟೈಮು, ಯೂನಿಫಾರಂ ಬಟ್ಟೆ ರಾಶಿ ಬಿದ್ದಿತ್ತು. ನೋವಿಲ್ವಲ್ಲ, ನಾಳೆ ಹೋದ್ರಾಯ್ತು ಅಂತ ನಾನು ಹೊಲಿಯೋಕೆ ಕೂತೆ. ಒಳಗೆ ಕರುಳು ಒಡೆದುಹೋಗಿತ್ತಂತೆ. ಒಡೆದಾಗ ಹಂಗೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಂತೆ. ನಂಗೇನು ಗೊತ್ತು.”

“ಅಮ್ಮ, ಈಗ ಯಾಕೆ ಅದು” ಎಂದ ಮಗ.

“ಮಾರನೇ ದಿನ ಕರ್ಕೊಂಡು ಹೋದಾಗ ಮೈಯೆಲ್ಲ ತಣ್ಣಗಾಗ್ತಾ ಇತ್ತು. ಆ ಮತ್ತಿನ ಡಾಕ್ಟ್ರು ಒಳಗೆ ಹೋಗೋಕೆ ಮುಂಚೆ ನನ್ನ ಹತ್ರ ಬಂದ್ರು. ತುಂಬ ತಡ ಆಗಿದೆ ತಾಯಿ, ಉಳಿಯೋದು ಕಷ್ಟ, ಆದ್ರೂ ನೋಡ್ತೀವಿ ಅಂತ ಹೇಳಿಯೇ ಹೋದ್ರು. ಆಮೇಲೆ ಯಾರೋ ಮತ್ತು ಜಾಸ್ತಿ ಆಯ್ತಂತೆ ಅಂದ್ರು. ನಾನು ಹೂಂ ಅಂದೆ. ನೀನು ಬಂದು ಕೇಳಿದಾಗ್ಲೂ ಹೂಂ ಅಂದೆ. ನಾನೇ ತಡ ಮಾಡ್ದೆ ಅಂತ ನಿಂಗೆ ಹೆಂಗೆ ಹೇಳ್ಲಿ?”

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಗ ಕಂಬಿ ಹಿಡಿದವನು ಹಿಡಿದೇ ಇದ್ದ. ಡಾಕ್ಟರಮ್ಮ ಅಜ್ಜಿಯ ಹಣೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

“ಒಳಗೆ ಕರ್ಕೊಂಡು ಹೋಗೋ” ಎಂದರು ಅಜ್ಜಿ. “ಎರಡನೇ ಸಲ ನಾನು ನೋವಿಲ್ಲ ಅಂತ ನಂಬಲ್ಲ.”

ಅವನು ಟ್ರಾಲಿಯನ್ನು ತಿರುಗಿಸಿದ. ನಾನು ಕೈ ಹಾಕಹೋದರೆ ಬೇಡವೆಂದು ತಲೆಯಾಡಿಸಿದ. ಬಿಸಿಲಿನಲ್ಲಿ ತಾನೊಬ್ಬನೇ ತಳ್ಳಿಕೊಂಡು ಬಂದ, ಕೂಡಿನ ಹತ್ತಿರ ಮುಂದಿನ ಗಾಲಿಗಳನ್ನು ಕೈಯಿಂದ ಎತ್ತಿ ದಾಟಿಸಿದ.

ಥಿಯೇಟರಿನಲ್ಲಿ ಮೂಳೆ ಡಾಕ್ಟರು ಏನೂ ಕೇಳಲಿಲ್ಲ. ಅಜ್ಜಿ ಆಗಾಗ ನನ್ನನ್ನು ಕರೆಯುತ್ತಿದ್ದರಿಂದ ಡಾಕ್ಟರಮ್ಮ ನನ್ನನ್ನೂ ಟೋಪಿ ಹಾಕಿಸಿ ಒಳಗೆ ನಿಲ್ಲಿಸಿಕೊಂಡರು. ಬೆಳಗಿನ ಜೋಮು ಇನ್ನೂ ಇದ್ದುದರಿಂದ ಅಜ್ಜಿಯನ್ನು ಎತ್ತಿ ಕೂರಿಸಿ ಬೆನ್ನಿಗೆ ಸೂಜಿ ಹಾಕುವುದು ಸಲೀಸಾಯಿತು. ಎದೆಯ ಹತ್ತಿರ ಅಡ್ಡಲಾಗಿ ಬಟ್ಟೆ ಕಟ್ಟಿದರು. ಬಟ್ಟೆಯ ಆಚೆ ಮೂಳೆ ಡಾಕ್ಟರು ಮತ್ತು ಅವರ ಕಡೆಯವರು, ಈಚೆ ಅಜ್ಜಿಯ ಮುಖ, ಸ್ಟೂಲಿನ ಮೇಲೆ ಡಾಕ್ಟರಮ್ಮ, ನಾನು.

ಸುತ್ತಿಗೆಯ ಸದ್ದು ಕೇಳಿದಾಗ ಅಜ್ಜಿ, “ಪಕ್ಕದ ರೂಮಲ್ಲಿ ಯಾರೋ ಮೊಳೆ ಹೊಡೀತಿದಾರಲ್ಲ” ಅಂದರು.

“ಪಕ್ಕದಲ್ಲಲ್ಲ ಅಜ್ಜಿ, ನಿಮಗೇ ಹೊಡೀತಿರೋದು.”

“ಹಂಗಾದ್ರೆ ನೆಟ್ಟಗೆ ಹೊಡೀಲಿ. ಹೊಲಿಗೆ ಸಣ್ಣದಾಗಿ ಹಾಕೋಕೆ ಹೇಳು.”

ಬಟ್ಟೆಯ ಆಚೆಯಿಂದ ಮೂಳೆ ಡಾಕ್ಟರ ನಗು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ಮಾತು ನಿಧಾನವಾಯಿತು. ತುಟಿ ಬಿಳಿಚಿಕೊಂಡಿತು, “ಯಾಕೋ ತಲೆ ತಿರುಗ್ತಿದೆ ಮಗ” ಎಂದರು. ಬಿಪಿ ಇಳಿದಿತ್ತು. ಡಾಕ್ಟರಮ್ಮನ ಕೈಗಳು ಆಗ ಹೇಗೆ ಓಡಿದವೆಂದರೆ ನನಗೆ ಒಂದೊಂದನ್ನೂ ನೋಡಲಾಗಲಿಲ್ಲ. ಒಂದು ಕೈ ಡ್ರಿಪ್ಪಿಗೆ, ಒಂದು ಸಿರಿಂಜಿಗೆ, ಬಾಯಿ ಮಾತ್ರ ಅಜ್ಜಿಯ ಕಿವಿಯ ಹತ್ತಿರ. “ಕಣ್ಣು ಬಿಡಿ ಅಜ್ಜಿ, ನನ್ನ ನೋಡಿ. ನನ್ನ ಬ್ಲೌಸ್ ತೋಳು ಯಾಕೆ ಯಾವಾಗ್ಲೂ ಬಿಗಿಯುತ್ತೆ ಹೇಳಿ.” ಡಾಕ್ಟರಮ್ಮನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಬಾಗಿಲಿನ ಆಚೆ ಮಗ ನಿಂತಿದ್ದಾನೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಹಳ ಹೊತ್ತಾಯಿತೆಂದು ನನಗೆ ಅನ್ನಿಸಿದ ಮೇಲೆ ಅಜ್ಜಿ ಕಣ್ಣು ತೆರೆದು, “ಕಂಕುಳಲ್ಲಿ ಬಟ್ಟೆ ಸಾಲ್ದು” ಎಂದರು. ನಾನು ಗೋಡೆಗೆ ಒರಗಿದೆ.

ಕೆಲಸ ಮುಗಿದು ಬಾಗಿಲು ತೆರೆದಾಗ ಹೊರಗೆ ಇನ್ನೂ ಬೆಳಕಿತ್ತು. ಅಜ್ಜಿ ಮಲಗಿದಲ್ಲಿಂದಲೇ “ಊಟ ಮಾಡ್ದ್ಯೇನೋ?” ಎಂದು ಕೇಳಿದರು. ಮಗ ತಾಯಿಯ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಸೊಸೆ ಮತ್ತು ಆಯಾ ಸೇರಿ ಅಜ್ಜಿಯನ್ನು ವಾರ್ಡಿಗೆ ಕರೆದೊಯ್ದರು. ಅವನು ಹಿಂದೆ ಹೋಗಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತ.

ಡಾಕ್ಟರಮ್ಮ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ ಹೊರಗೆ ಬಂದರು. ಅವನು ಎದ್ದು ನಿಂತ. ಅವರು ಕೂತುಕೊಳ್ಳಿ ಎಂದು ಸನ್ನೆ ಮಾಡಿ ತಾವೂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

“ಒಂದು ಕೇಳ್ಲಾ ಡಾಕ್ಟರಮ್ಮ?”

“ಕೇಳಿ.”

“ನಮ್ಮಪ್ಪಂಗೆ ಅವತ್ತು ಒಳಗೆ, ಕೊನೇಲಿ, ನೋವಿತ್ತಾ?”

ಸಮಾಧಾನದ ಮಾತು ನಾಲಿಗೆಯ ತುದಿಯಲ್ಲಿದ್ದರೂ ಅದನ್ನು ತಡೆದು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು.

“ನಾನು ಅಲ್ಲಿರ್ಲಿಲ್ಲ. ಇದ್ದಿದ್ರೆ ಖಂಡಿತವಾಗಿ ಹೇಳ್ತಿದ್ದೆ” ಎಂದರು. “ಆದ್ರೆ ಮತ್ತು ಹತ್ತಿದ ಮೇಲೆ ನೋವು ಗೊತ್ತಾಗಲ್ಲ. ಇನ್ನೊಂದು ನಂಗೆ ಗೊತ್ತಿದೆ. ಥಿಯೇಟರಲ್ಲಿ ಮಿಕ್ಕೋರೆಲ್ಲ ಹೊಟ್ಟೆ ನೋಡ್ತಿರ್ತಾರೆ, ಕಾಲು ನೋಡ್ತಿರ್ತಾರೆ. ಮತ್ತಿನ ಡಾಕ್ಟ್ರು ಒಬ್ಬರೇ ಮುಖ ನೋಡೋದು. ತಲೆ ಹತ್ರ ನಿಂತಿರ್ತಾರೆ, ಮುಗಿಯೋ ತನಕ ಅಲ್ಲಿಂದ ಕದಲೋ ಹಾಗಿಲ್ಲ. ನಿಮ್ಮಪ್ಪ ಒಬ್ಬರೇ ಇರ್ಲಿಲ್ಲ. ಅವ್ರ ಮುಖ ನೋಡ್ತಾ ಒಬ್ಬರು ನಿಂತಿದ್ರು.”

ಅವನು ಮೊಣಕಾಲಿನ ಮೇಲೆ ಮೊಣಕೈಯೂರಿ, ಗ್ರೀಸು ಹತ್ತಿದ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಷ್ಟು ದೊಡ್ಡವನು, ಚಿಕ್ಕ ಮಗುವಿನ ಹಾಗೆ ಜೋರಾಗಿ ಅತ್ತ. ಆಚೀಚೆ ಹೋಗುವವರು ನಿಂತು ನೋಡಿದರು. ಎಮರ್ಜೆನ್ಸಿಯಿಂದ ಫೋನು ಬಂತು, ಯಾರದೋ ಭುಜ ಕಳಚಿದೆ, ಡಾಕ್ಟರಮ್ಮ ಬೇಕಂತೆ ಎಂದರು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವರು ಅವನ ಬೆನ್ನ ಮೇಲಿಟ್ಟಿದ್ದ ಕೈ ತೆಗೆಯದೆ, “ಸ್ವಲ್ಪ ಹೊತ್ತು ತಡೀರಿ ಸಿಸ್ಟರ್. ಇವರದ್ದು ಮುಗೀಲಿ” ಎಂದರು.